ಐವತ್ತು ದಾಟಿದವರಿಗೆ ಸ್ವಯಂಸೇವೆ ಮತ್ತು ನಾಗರಿಕ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದಲ್ಲಿ ಐವತ್ತು ವರ್ಷ ದಾಟಿದವರು ಸಾರ್ವಜನಿಕ ಕೆಲಸಕ್ಕೆ ಕೈಹಾಕುವ ಮುನ್ನ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ನಿಯಮಗಳು ಆಗಾಗ ಬದಲಾಗುವುದರಿಂದ ಅರ್ಜಿ ಹಾಕುವ ಮೊದಲು ಸಂಬಂಧಪಟ್ಟ ಕಚೇರಿಯಲ್ಲಿ ಒಮ್ಮೆ ವಿಚಾರಿಸಿಕೊಳ್ಳುವುದು ಒಳಿತು.

ಹಿರಿಯ ನಾಗರಿಕರೆಂದರೆ ಅರವತ್ತು ತುಂಬಿದವರಲ್ಲವೇ? ಐವತ್ತಕ್ಕೇ ಏಕೆ ಶುರು ಮಾಡಬೇಕು?

ಪೋಷಕರ ಮತ್ತು ಹಿರಿಯ ನಾಗರಿಕರ ನಿರ್ವಹಣೆ ಹಾಗೂ ಕಲ್ಯಾಣದ 2007ರ ಕಾಯ್ದೆಯ ಪ್ರಕಾರ ಅರವತ್ತು ತುಂಬಿದವರೇ ಹಿರಿಯ ನಾಗರಿಕರು; ರಾಜ್ಯ ಸರ್ಕಾರಿ ನೌಕರರ ನಿವೃತ್ತಿಯ ವಯಸ್ಸೂ 60. ಆದರೆ ಸಾರ್ವಜನಿಕ ಕೆಲಸಕ್ಕೆ ಬೇಕಾದ ಪರಿಚಯ, ನಂಬಿಕೆ ಮತ್ತು ರೂಢಿ ನಿವೃತ್ತಿಯ ಮರುದಿನ ದಿಢೀರನೆ ಒದಗಿಬರುವುದಿಲ್ಲ. ಐವತ್ತೆರಡು, ಐವತ್ತಮೂರರ ಹೊತ್ತಿಗೆ ತಿಂಗಳಿಗೆ ಒಂದೆರಡು ಭಾನುವಾರ ಕೊಟ್ಟು ತಮ್ಮ ಬಡಾವಣೆಯ ಶಾಲೆ, ಕೆರೆ, ಗ್ರಂಥಾಲಯಗಳನ್ನು ತಿಳಿದುಕೊಂಡವರಿಗೆ ಅರವತ್ತರ ನಂತರ ದಾರಿ ಹುಡುಕುವ ತಾಪತ್ರಯವಿರುವುದಿಲ್ಲ. ಕೆಲವು ಬಾಗಿಲುಗಳು ವಯಸ್ಸಿನ ಮಿತಿಯಿಂದಾಗಿ ಬೇಗ ಮುಚ್ಚುತ್ತವೆ ಎಂಬುದೂ ನೆನಪಿರಲಿ. ಅವುಗಳ ವಿವರ ಮುಂದೆ ಬರುತ್ತದೆ.

ನಾನು ಇನ್ನೂ ಸರ್ಕಾರಿ ನೌಕರಿಯಲ್ಲಿದ್ದೇನೆ. ಸ್ವಯಂಸೇವೆ ಮಾಡಬಹುದೇ?

ಸಂಭಾವನೆಯಿಲ್ಲದ ಸಾಮಾಜಿಕ ಅಥವಾ ದತ್ತಿ ಸ್ವರೂಪದ ಕೆಲಸಕ್ಕೆ, ಕಚೇರಿಯ ಕರ್ತವ್ಯಕ್ಕೆ ಅಡ್ಡಿಯಾಗದಿದ್ದರೆ, ನಡತೆ ನಿಯಮಗಳು ಸಾಮಾನ್ಯವಾಗಿ ತಡೆಯೊಡ್ಡುವುದಿಲ್ಲ. ರಾಜಕೀಯ ಪಕ್ಷದ ಕೆಲಸಕ್ಕೆ ಮಾತ್ರ ಅವಕಾಶವಿಲ್ಲ. ಸಂಸ್ಥೆಯೊಂದರ ಪದಾಧಿಕಾರಿಯಾಗುವುದಾದರೆ ಅಥವಾ ನಿಮ್ಮ ಇಲಾಖೆಯನ್ನೇ ಪ್ರಶ್ನಿಸುವ ಗುಂಪಿಗೆ ಸೇರುವುದಾದರೆ ಮೇಲಧಿಕಾರಿಗೆ ಲಿಖಿತವಾಗಿ ತಿಳಿಸಿ, ಅದರ ಪ್ರತಿಯನ್ನು ಇಟ್ಟುಕೊಳ್ಳಿ.

ಯಾವ ಕೆಲಸ ನನಗೆ ಒಗ್ಗುತ್ತದೆ ಎಂದು ತಿಳಿಯುವುದು ಹೇಗೆ?

ಈ ಪ್ರಶ್ನೆಯನ್ನು ಹೆಚ್ಚಾಗಿ ಕೇಳುವವರು ದೀರ್ಘ ಕಾಲ ಅಧಿಕಾರದ ಹುದ್ದೆಯಲ್ಲಿದ್ದವರು. ಅವರಲ್ಲಿ ಅನೇಕರು ತಮ್ಮ ಅನುಭವಕ್ಕೆ ತಕ್ಕ ಸ್ಥಾನ, ಅಂದರೆ ಸಲಹಾ ಸಮಿತಿಯೋ ಅಧ್ಯಕ್ಷಗಿರಿಯೋ ಸಿಗಬಹುದೆಂಬ ನಿರೀಕ್ಷೆಯಿಂದ ಬರುತ್ತಾರೆ. ಆದರೆ ಸಲಹೆ ಕೊಡುವವರಿಗೆ ಯಾವ ಸಂಸ್ಥೆಯಲ್ಲೂ ಬರವಿಲ್ಲ. ಹೇಳಿದ ದಿನ ಹೇಳಿದ ಹೊತ್ತಿಗೆ ಬಂದು, ಹೇಳಿದ ಕೆಲಸವನ್ನು ಮುಗಿಸಿ ಹೋಗುವವರು ಎಲ್ಲೆಡೆ ಬೇಕಾಗಿದ್ದಾರೆ. ಆದ್ದರಿಂದ ಚಿಕ್ಕದಾದ, ಅಳತೆಗೆ ಸಿಗುವ ಒಂದು ಕೆಲಸವನ್ನು ಆರಿಸಿಕೊಂಡು, ಅದಕ್ಕೆ ವಾರದ ಒಂದು ದಿನವನ್ನು ನಿಗದಿ ಮಾಡಿ. ‘ಬಿಡುವಾದಾಗ ಬರುತ್ತೇನೆ’ ಎನ್ನುವವರನ್ನು ನಂಬಿ ಶಾಲೆಯಾಗಲಿ ಆಸ್ಪತ್ರೆಯಾಗಲಿ ಏನನ್ನೂ ಯೋಜಿಸಲಾರದು. ಮೂರು ತಿಂಗಳು ಮಾಡಿ ನೋಡಿ, ಒಗ್ಗದಿದ್ದರೆ ಬೇರೆಯದಕ್ಕೆ ಹೋಗಬಹುದು.

ಸರ್ಕಾರಿ ಶಾಲೆಯಲ್ಲಿ ಮಕ್ಕಳಿಗೆ ಕಲಿಸುವ ಆಸೆಯಿದೆ. ಯಾರನ್ನು ಕೇಳಬೇಕು?

ಎರಡು ದಾರಿಗಳಿವೆ. ಕೇಂದ್ರ ಶಿಕ್ಷಣ ಸಚಿವಾಲಯದ ವಿದ್ಯಾಂಜಲಿ ಜಾಲತಾಣವು 2021ರಲ್ಲಿ ಹೊಸ ರೂಪದಲ್ಲಿ ಆರಂಭವಾಯಿತು. ಅಲ್ಲಿ ಶಾಲೆಗಳು ತಮಗೆ ಬೇಕಾದ ನೆರವನ್ನು ನಮೂದಿಸುತ್ತವೆ, ಸ್ವಯಂಸೇವಕರು ನೋಂದಾಯಿಸಿಕೊಂಡು ಅದಕ್ಕೆ ಒಪ್ಪಿಗೆ ಸೂಚಿಸುತ್ತಾರೆ. ಇನ್ನೊಂದು, ನೇರವಾಗಿ ಹತ್ತಿರದ ಶಾಲೆಯ ಮುಖ್ಯೋಪಾಧ್ಯಾಯರನ್ನು ಕಂಡು ಮಾತನಾಡುವುದು. ನಿಯಮಿತವಾಗಿ ತರಗತಿಗೆ ಹೋಗುವುದಾದರೆ ಅವರು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿಯ ಗಮನಕ್ಕೆ ತಂದು, ಅಗತ್ಯವಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿಯಿಂದ ಒಪ್ಪಿಗೆ ಪಡೆಯುತ್ತಾರೆ. ಪರೀಕ್ಷೆಯ ದಿನಗಳಲ್ಲಿ ಹೋಗಿ ಕೇಳಬೇಡಿ. ಜೂನ್ ಎರಡನೆಯ ಅಥವಾ ಮೂರನೆಯ ವಾರ ಒಳ್ಳೆಯ ಸಮಯ.

ಕಲಿಸಲು ಹೋಗುವವರು ಒಂದು ಸಂಗತಿಯನ್ನು ತಿಳಿದಿರಬೇಕು. ಒಂದರಿಂದ ಮೂರನೆಯ ತರಗತಿಯವರೆಗೆ ಸರ್ಕಾರಿ ಕನ್ನಡ ಶಾಲೆಗಳಲ್ಲಿರುವುದು ನಲಿ-ಕಲಿ ಪದ್ಧತಿ. ಇದು 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹಬ್ಬಿತು. ಇದರಲ್ಲಿ ಮಗು ‘ಅ ಆ ಇ ಈ’ ಎಂದು ಆರಂಭಿಸುವುದಿಲ್ಲ. ‘ರ ಗ ಸ ದ ಅ’ ಎಂಬ ಅಕ್ಷರಗಳನ್ನು ಮೊದಲು ಕಲಿತು, ಅವುಗಳಿಂದಲೇ ‘ಸರ’, ‘ಗರಗಸ’, ‘ದಸರ’, ‘ಅರಸ’ ಎಂಬ ಪದಗಳನ್ನು ಕಟ್ಟುತ್ತದೆ. ಸ್ಲೇಟು ಹಿಡಿದು ಕಾಗುಣಿತ ತಿದ್ದಿ ಬೆಳೆದ ನಮ್ಮ ತಲೆಮಾರಿನವರು ಮಗುವಿಗೆ ವರ್ಣಮಾಲೆಯೇ ಬರುವುದಿಲ್ಲವೆಂದು ಗಾಬರಿಗೊಂಡು, ಮೊದಲಿನಿಂದ ತಿದ್ದಿಸಲು ತೊಡಗಿದರೆ, ಶಿಕ್ಷಕಿ ಮೂರು ತಿಂಗಳು ಕಟ್ಟಿದ್ದನ್ನು ಮೂರು ದಿನದಲ್ಲಿ ಕೆಡಿಸಿದಂತಾಗುತ್ತದೆ. ಮೊದಲ ಒಂದೆರಡು ವಾರ ತರಗತಿಯ ಹಿಂದೆ ಕುಳಿತು ನೋಡಿ, ಮಕ್ಕಳು ಯಾವ ಮೈಲಿಗಲ್ಲಿನಲ್ಲಿ, ಅಂದರೆ ಕಲಿಕೆಯ ಯಾವ ಹಂತದಲ್ಲಿ ಇದ್ದಾರೆಂದು ಶಿಕ್ಷಕಿಯನ್ನೇ ಕೇಳಿ. ನಲಿ-ಕಲಿಯ ಗೊಡವೆ ಬೇಡವೆನಿಸಿದರೆ ನಾಲ್ಕು, ಐದನೆಯ ತರಗತಿಯಲ್ಲಿ ಓದಲು ತಡವರಿಸುವ ನಾಲ್ಕೈದು ಮಕ್ಕಳನ್ನು ಕೂರಿಸಿಕೊಂಡು ಕಥೆ ಪುಸ್ತಕ ಓದಿಸಿ. ಈ ಕೆಲಸಕ್ಕೆ ಬಿ.ಎಡ್. ಬೇಕಿಲ್ಲ, ತಾಳ್ಮೆಯೊಂದಿದ್ದರೆ ಆಯಿತು.

ಮನೆ ನೋಡಿಕೊಂಡೇ ಬಂದವಳು ನಾನು. ಓದಿದ್ದು ಎಸ್ಸೆಸ್ಸೆಲ್ಸಿ. ನನ್ನಿಂದ ಏನಾದೀತು?

ಅಕ್ಷರ ಬಲ್ಲವರೆಲ್ಲರೂ ಅಕ್ಷರ ಕಲಿಸಬಲ್ಲರು ಎಂಬ ತತ್ತ್ವದ ಮೇಲೆಯೇ ತೊಂಬತ್ತರ ದಶಕದ ಸಾಕ್ಷರತಾ ಆಂದೋಲನ ನಡೆದದ್ದು. ಈಗ ಉಲ್ಲಾಸ್ ಎಂಬ ಹೆಸರಿನ ನವಭಾರತ ಸಾಕ್ಷರತಾ ಕಾರ್ಯಕ್ರಮವು ಹದಿನೈದು ವರ್ಷ ಮೇಲ್ಪಟ್ಟ ಅನಕ್ಷರಸ್ಥರಿಗಾಗಿ ಇದೆ, ಅದು ನಡೆಯುವುದು ಸ್ವಯಂಸೇವಕ ಬೋಧಕರಿಂದಲೇ. ರಾಜ್ಯದಲ್ಲಿ ಲೋಕ ಶಿಕ್ಷಣ ನಿರ್ದೇಶನಾಲಯವು ಇದನ್ನು ನೋಡಿಕೊಳ್ಳುತ್ತದೆ. ನಿಮ್ಮ ಮನೆಗೆಲಸಕ್ಕೆ ಬರುವವರು, ಪಕ್ಕದ ಕಟ್ಟಡದ ಕಾವಲುಗಾರನ ಹೆಂಡತಿ, ತರಕಾರಿ ಮಾರುವ ಅಜ್ಜಿ ಇವರಲ್ಲಿ ಒಬ್ಬರಾದರೂ ಬಸ್ಸಿನ ಬೋರ್ಡು ಓದಬೇಕು, ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕಬೇಕು ಎಂದು ಬಯಸುತ್ತಿರುತ್ತಾರೆ. ಅವರೊಬ್ಬರಿಂದ ಶುರು ಮಾಡಿ.

ಇಷ್ಟೇ ಅಲ್ಲದೆ ಮನೆಯನ್ನು ಮೂವತ್ತು ವರ್ಷ ನಡೆಸಿದವರಿಗೆ ಲೆಕ್ಕ, ಅಡುಗೆ, ರೋಗಿಯ ಆರೈಕೆ, ಹತ್ತಾರು ಜನರನ್ನು ಸಂಭಾಳಿಸುವುದು ಇವೆಲ್ಲ ಕರಗತವಾಗಿರುತ್ತವೆ. ಸ್ತ್ರೀಶಕ್ತಿ ಮತ್ತು ಸ್ವಸಹಾಯ ಸಂಘಗಳ ಪುಸ್ತಕ ಬರೆಯುವವರ ಕೊರತೆ ಎಲ್ಲ ಕಡೆ ಇದೆ. ಉಳಿತಾಯ, ಸಾಲ, ಬಡ್ಡಿ, ಹಾಜರಿಗಳನ್ನು ಪ್ರತಿ ವಾರ ತಪ್ಪಿಲ್ಲದೆ ಬರೆದುಕೊಡುವವರು ಸಿಕ್ಕರೆ ಸಂಘದ ಅರ್ಧ ಜಗಳ ತಪ್ಪುತ್ತದೆ.

ನಾನಿರುವುದು ಹಳ್ಳಿಯಲ್ಲಿ. ಇಲ್ಲಿ ಸಂಸ್ಥೆಗಳಿಲ್ಲ. ಏನು ಮಾಡಬಹುದು?

ನಗರದವರಿಗಿಲ್ಲದ ಅವಕಾಶ ನಿಮಗಿದೆ. 1993ರ ಕರ್ನಾಟಕ ಪಂಚಾಯತ್‌ರಾಜ್ ಕಾಯ್ದೆಯು ಪ್ರತಿಯೊಬ್ಬ ಮತದಾರನಿಗೂ ವಾರ್ಡ್ ಸಭೆ ಮತ್ತು ಗ್ರಾಮ ಸಭೆಯಲ್ಲಿ ಕುಳಿತು ಮಾತನಾಡುವ ಹಕ್ಕು ಕೊಟ್ಟಿದೆ. ಈ ಕಾಯ್ದೆಯ ಹೆಸರಿಗೆ ಗ್ರಾಮ ಸ್ವರಾಜ್ ಎಂಬ ಮಾತು ಆಮೇಲೆ ಸೇರಿತು. ಮನೆ ಮಂಜೂರಾತಿಗೆ ಫಲಾನುಭವಿಗಳ ಆಯ್ಕೆ, ಮುಂದಿನ ವರ್ಷದ ಕಾಮಗಾರಿಗಳ ಪಟ್ಟಿ ಇವೆಲ್ಲ ಅಲ್ಲಿಯೇ ಬರಬೇಕು. ವಾಸ್ತವದಲ್ಲಿ ಎಷ್ಟೋ ಕಡೆ ಸಭೆಯ ಸುದ್ದಿ ಜನರಿಗೆ ಮುಟ್ಟುವುದೇ ಇಲ್ಲ, ಹಾಜರಿ ಪುಸ್ತಕ ಆಮೇಲೆ ಮನೆಮನೆಗೆ ಬರುತ್ತದೆ. ಐವತ್ತು ದಾಟಿದ, ಊರಲ್ಲಿ ಮಾತಿಗೆ ಬೆಲೆಯಿರುವ ನಾಲ್ಕು ಜನ ಸಭೆಯ ದಿನಾಂಕವನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ ಅವರಿಂದ ಮುಂಚೆಯೇ ಕೇಳಿ ತಿಳಿದು, ಓಣಿಯ ಹೆಂಗಸರನ್ನೂ ಹುಡುಗರನ್ನೂ ಕರೆದುಕೊಂಡು ಹೋದರೆ ಸಭೆಯ ಸ್ವರೂಪವೇ ಬೇರೆಯಾಗುತ್ತದೆ. ಅಲ್ಲಿ ಜೋರಾಗಿ ಮಾತನಾಡಿ ಬಂದರೆ ಸಾಲದು. ಹೇಳಿದ್ದು ನಡಾವಳಿ ಪುಸ್ತಕದಲ್ಲಿ ದಾಖಲಾಯಿತೇ ಎಂದು ಅಲ್ಲೇ ಓದಿಸಿ ಕೇಳಬೇಕು. ದಾಖಲಾಗದ ಬೇಡಿಕೆಯನ್ನು ಯಾವ ಅಧಿಕಾರಿಯೂ ಮುಂದಿನ ಸಭೆಯಲ್ಲಿ ನೆನಪಿಸಿಕೊಳ್ಳುವುದಿಲ್ಲ.

ಪ್ರತಿ ವರ್ಷ ಆಗಸ್ಟ್–ಸೆಪ್ಟೆಂಬರ್ ಹೊತ್ತಿಗೆ ನಡೆಯುವ ಜಮಾಬಂದಿಯು ಲೆಕ್ಕ ಬಲ್ಲವರಿಗೆಂದೇ ಇರುವ ಅವಕಾಶ. ಹಿಂದಿನ ವರ್ಷದ ಜಮೆ–ಖರ್ಚು, ಕಾಮಗಾರಿಗಳ ಕಡತ ಎಲ್ಲವನ್ನೂ ಗ್ರಾಮಸ್ಥರ ಎದುರಿಗೆ ಇಡಬೇಕಾದ ಸಭೆ ಅದು. ಬ್ಯಾಂಕಿನಲ್ಲೋ ಸಹಕಾರ ಸಂಘದಲ್ಲೋ ಕೆಲಸ ಮಾಡಿ ಊರಿಗೆ ಮರಳಿದವರು ಅಲ್ಲಿ ಹೋಗಿ, ‘ಈ ಚರಂಡಿ ಎಷ್ಟು ಮೀಟರು, ಅಳತೆ ಪುಸ್ತಕ ತೋರಿಸಿ’ ಎಂದು ಸಮಾಧಾನದಿಂದ ಕೇಳಿದರೂ ಸಾಕು, ಉಳಿದ ಪ್ರಶ್ನೆಗಳು ತಾವಾಗಿಯೇ ಏಳುತ್ತವೆ.

ಮೂರನೆಯದು ಗ್ರಂಥಾಲಯ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಈಗ ಅರಿವು ಕೇಂದ್ರಗಳೆಂದು ಕರೆಯುತ್ತಾರೆ. 2020ರ ನವೆಂಬರ್‌ನಲ್ಲಿ, ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದ ಕಾಲದಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲಾಯಿತು. ಸಂಜೆ ಒಂದು ಗಂಟೆ ಮಕ್ಕಳಿಗೆ ಕಥೆ ಹೇಳುವುದು, ಪುಸ್ತಕ ಜೋಡಿಸುವುದು, ಮೇಲ್ವಿಚಾರಕರು ಗೈರಾದ ದಿನ ಬಾಗಿಲು ತೆಗೆದಿಡುವುದು ಇಂಥ ಕೆಲಸಗಳಿಗೆ ಅಲ್ಲಿ ಸದಾ ಜನ ಬೇಕು.

ನಗರದಲ್ಲಿ ವಾರ್ಡ್ ಸಮಿತಿ ಎಂದು ಕೇಳಿದ್ದೇನೆ. ಅದಕ್ಕೆ ಸೇರುವುದು ಹೇಗೆ?

ಸಂವಿಧಾನದ 74ನೆಯ ತಿದ್ದುಪಡಿಯು ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯಿರುವ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು ವಿಧಿಸಿದೆ. ರಾಜ್ಯದ ಮಹಾನಗರ ಪಾಲಿಕೆಗಳ ಕಾಯ್ದೆಯಂತೆ ಪಾಲಿಕೆ ಸದಸ್ಯರ ಅಧ್ಯಕ್ಷತೆಯಲ್ಲಿ ಹತ್ತು ಮಂದಿ ನಾಮನಿರ್ದೇಶಿತರಿರುತ್ತಾರೆ. ಅವರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘಗಳ ಪ್ರತಿನಿಧಿಗಳು. ಪಾಲಿಕೆ ಅರ್ಜಿ ಕರೆದಾಗ ಮತದಾರರ ಗುರುತಿನ ಚೀಟಿ ಹಾಗೂ ನೀವು ಮಾಡಿದ ಕೆಲಸದ ವಿವರಗಳೊಂದಿಗೆ ಅರ್ಜಿ ಹಾಕಬೇಕು.

ಬೆಂಗಳೂರಿನ ಸ್ಥಿತಿ ಸ್ವಲ್ಪ ಬೇರೆ. ಬಿಬಿಎಂಪಿಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಯಡಿ 2025ರ ಸೆಪ್ಟೆಂಬರ್‌ನಿಂದ ನಗರವು ಐದು ಪಾಲಿಕೆಗಳಾಗಿ ಹಂಚಿಹೋಗಿದೆ. ನಿಮ್ಮ ಮನೆ ಈಗ ಯಾವ ಪಾಲಿಕೆಯ ಯಾವ ವಾರ್ಡಿಗೆ ಸೇರಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ.

ಸಮಿತಿಯ ಸದಸ್ಯತ್ವ ಸಿಗದಿದ್ದರೂ ನಷ್ಟವಿಲ್ಲ. ವಾರ್ಡಿನ ಎಂಜಿನಿಯರು ಯಾರ ಮಾತಿಗೆ ಕಿವಿಗೊಡುತ್ತಾರೆಂಬುದನ್ನು ಗಮನಿಸಿದರೆ, ಅವರಲ್ಲಿ ಹೆಚ್ಚಿನವರು ಸಮಿತಿಯ ಹೊರಗಿನವರೇ ಆಗಿರುತ್ತಾರೆ. ‘ನಮ್ಮ ರಸ್ತೆಯಲ್ಲಿ ಕತ್ತಲೆ’ ಎಂಬ ದೂರು ಎಲ್ಲಿಗೂ ಮುಟ್ಟದು. ‘ಇಂಥ ಅಡ್ಡರಸ್ತೆಯಲ್ಲಿ ಹಾಲಿನ ಬೂತಿನ ಎದುರಿನ ಕಂಬ, ಅದರ ಮೇಲೆ ಬರೆದ ಸಂಖ್ಯೆ ಇದು, ಇಂಥ ದಿನದಿಂದ ದೀಪ ಉರಿಯುತ್ತಿಲ್ಲ, ಹಿಂದಿನ ದೂರಿನ ಸಂಖ್ಯೆ ಇದು’ ಎಂದು ಫೋಟೋದೊಂದಿಗೆ ಕೊಟ್ಟದ್ದು ಮುಟ್ಟುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ಬೀದಿಯ ಕಂಬಗಳು, ಮ್ಯಾನ್‌ಹೋಲ್‌ಗಳು, ಕಸದ ಗಾಡಿ ಬರುವ ಹೊತ್ತು ಇಷ್ಟನ್ನು ತಿಂಗಳ ಕಾಲ ಬರೆದಿಟ್ಟವರ ಹತ್ತಿರ ಪಾಲಿಕೆಯಲ್ಲೇ ಇಲ್ಲದ ದಾಖಲೆಯಿರುತ್ತದೆ.

ಮಾಹಿತಿ ಹಕ್ಕು ಅರ್ಜಿ ಹಾಕುವುದನ್ನು ಕಲಿಯಬೇಕು. ಕಷ್ಟವೇ?

ಕಷ್ಟವಿಲ್ಲ. 2005ರ ಕಾಯ್ದೆಯಡಿ ಅರ್ಜಿ ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, 150 ಪದಗಳನ್ನು ಮೀರಬಾರದು. ಉತ್ತರಕ್ಕೆ 30 ದಿನಗಳ ಗಡುವು. ಉತ್ತರ ಬರದಿದ್ದರೆ ಅಥವಾ ತೃಪ್ತಿಯಾಗದಿದ್ದರೆ 30 ದಿನಗಳೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಆನಂತರ 90 ದಿನಗಳೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿ. ‘ಏಕೆ ಮಾಡಿಲ್ಲ’ ಎಂದು ಕೇಳಿದರೆ ಅದು ಮಾಹಿತಿಯಲ್ಲವೆಂದು ತಳ್ಳಿಹಾಕುತ್ತಾರೆ; ‘ಇಂಥ ಕಾಮಗಾರಿಯ ಅಂದಾಜು ಪಟ್ಟಿ ಮತ್ತು ಬಿಲ್ಲಿನ ದೃಢೀಕೃತ ಪ್ರತಿ ಕೊಡಿ’ ಎಂದು ದಾಖಲೆಯನ್ನು ಕೇಳಬೇಕು. ಸಿಟ್ಟಿನಿಂದ ಸಾಲುಸಾಲು ಅರ್ಜಿ ಹಾಕುವ ಚಟ ಕೆಲವು ನಿವೃತ್ತರಿಗೆ ಹತ್ತುವುದುಂಟು. ಅದರಿಂದ ನಿಜವಾದ ಅರ್ಜಿಗಳಿಗೇ ಪೆಟ್ಟು ಬೀಳುತ್ತದೆ.

ಕಾನೂನು ಓದಿಲ್ಲ, ಆದರೆ ಕೋರ್ಟು–ಕಚೇರಿಗೆ ಅಲೆಯುವವರಿಗೆ ನೆರವಾಗಬೇಕು ಅನ್ನಿಸುತ್ತದೆ.

ಪಿಎಲ್‌ವಿ ಎಂದೇ ಕರೆಯುವ ಅರೆ ಕಾನೂನು ಸ್ವಯಂಸೇವಕರ ಯೋಜನೆ ಇದಕ್ಕಾಗಿಯೇ ಇದೆ. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2009ರಲ್ಲಿ ರೂಪಿಸಿದ ಈ ಯೋಜನೆಯಲ್ಲಿ ನಿವೃತ್ತ ಶಿಕ್ಷಕರು, ನಿವೃತ್ತ ಸರ್ಕಾರಿ ನೌಕರರು ಮತ್ತು ಹಿರಿಯ ನಾಗರಿಕರನ್ನು ಹೆಸರಿಸಿಯೇ ಸೇರಿಸಲಾಗಿದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅಥವಾ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. ಆಯ್ಕೆಯಾದವರಿಗೆ ತರಬೇತಿ, ಗುರುತಿನ ಚೀಟಿ, ಕೆಲಸ ಮಾಡಿದ ದಿನಕ್ಕೆ ಸಣ್ಣ ಗೌರವಧನ ಸಿಗುತ್ತದೆ. ನೀವು ವಾದಿಸುವುದಿಲ್ಲ, ಉಚಿತ ವಕೀಲರು ಯಾರಿಗೆ ಸಿಗುತ್ತಾರೆಂದು ತಿಳಿಸುವುದು, ಅರ್ಜಿ ಬರೆದುಕೊಡುವುದು, ಲೋಕ ಅದಾಲತ್‌ಗೆ ದಾರಿ ತೋರುವುದು ನಿಮ್ಮ ಕೆಲಸ. ಆದಾಯ ಎಷ್ಟೇ ಇರಲಿ ಎಲ್ಲ ಮಹಿಳೆಯರಿಗೂ ಉಚಿತ ಕಾನೂನು ನೆರವಿಗೆ ಅರ್ಹತೆಯಿದೆ ಎಂಬ ಸಂಗತಿಯೇ ಹಲವರಿಗೆ ಗೊತ್ತಿರುವುದಿಲ್ಲ. ನೆರವು ಪಡೆದವರಿಂದ ಬಿಡಿಗಾಸನ್ನೂ ತೆಗೆದುಕೊಳ್ಳಬಾರದು.

ಅಂಧ ವಿದ್ಯಾರ್ಥಿಗಳಿಗೆ ಪರೀಕ್ಷೆ ಬರೆದುಕೊಡಬಹುದೇ?

ಪದವಿ ಪಡೆದ ಹಿರಿಯರು ಉತ್ಸಾಹದಿಂದ ಬಂದು ನಿರಾಶರಾಗುವುದು ಇಲ್ಲಿಯೇ. ಅಭ್ಯರ್ಥಿ ತಾನೇ ಕರೆತರುವ ಲಿಪಿಕಾರರ ವಿದ್ಯಾರ್ಹತೆ ಅಭ್ಯರ್ಥಿಗಿಂತ ಒಂದು ಹಂತ ಕಡಿಮೆಯಿರಬೇಕೆಂದು ಕೇಂದ್ರದ 2018ರ ಮಾರ್ಗಸೂಚಿ ಹೇಳಿತ್ತು, ಪರೀಕ್ಷಾ ಮಂಡಳಿಗಳೂ ತಮ್ಮದೇ ನಿಯಮಗಳನ್ನು ಇಟ್ಟುಕೊಂಡಿವೆ. ಹೀಗಾಗಿ ಎಂ.ಎ. ಮಾಡಿದವರಿಗೆ ಅವಕಾಶ ಅಪರೂಪ. ಅವರ ನೆರವು ಬೇಕಾಗಿರುವುದು ಪರೀಕ್ಷೆಗೆ ಮುಂಚಿನ ಆರು ತಿಂಗಳಲ್ಲಿ. ಪಠ್ಯ ಓದಿ ಧ್ವನಿಮುದ್ರಿಸಿಕೊಡುವುದು ದೊಡ್ಡ ಉಪಕಾರ. ಬೆಂಗಳೂರಿನ ಮಿತ್ರಜ್ಯೋತಿಯಂಥ ಸಂಸ್ಥೆಗಳು ಬಹುಕಾಲದಿಂದ ಇಂಥ ಮಾತಾಡುವ ಪುಸ್ತಕಗಳನ್ನು ಸಿದ್ಧಪಡಿಸುತ್ತಿವೆ. ಫ್ಯಾನು ಆರಿಸಿ, ಕುಕ್ಕರಿನ ಸೀಟಿ ಕೇಳದ ಹೊತ್ತು ನೋಡಿ ಕುಳಿತುಕೊಳ್ಳಿ. ಪುಟ ಸಂಖ್ಯೆಯನ್ನೂ ಅಡಿಟಿಪ್ಪಣಿಯನ್ನೂ ಓದಿ. ಚಿತ್ರ ಅಥವಾ ನಕ್ಷೆ ಬಂದಾಗ ಅದರಲ್ಲಿ ಏನಿದೆಯೆಂದು ಎರಡು ವಾಕ್ಯದಲ್ಲಿ ಹೇಳಿ. ನಾಟಕೀಯವಾಗಿ ಓದುವ ಅಗತ್ಯವಿಲ್ಲ.

ಮೊಣಕಾಲು ನೋವು, ಹೊರಗೆ ಓಡಾಡಲು ಆಗುವುದಿಲ್ಲ. ಮನೆಯಲ್ಲೇ ಕುಳಿತು ಏನು ಮಾಡಬಹುದು?

ಕನ್ನಡ ಚೆನ್ನಾಗಿ ಬಲ್ಲವರಿಗೆ ಅಂತರ್ಜಾಲದ ಮುಕ್ತ ಗ್ರಂಥಾಲಯವಾದ ವಿಕಿಸೋರ್ಸ್‌ಗಿಂತ ಒಳ್ಳೆಯ ಜಾಗ ಕಡಿಮೆ. ಭಾರತದಲ್ಲಿ ಲೇಖಕರು ತೀರಿಕೊಂಡು 60 ವರ್ಷಗಳಾದ ಮೇಲೆ ಅವರ ಕೃತಿಗಳು ಹಕ್ಕುಸ್ವಾಮ್ಯದಿಂದ ಮುಕ್ತವಾಗುತ್ತವೆ. ಅಂಥ ಹಳೆಯ ಪುಸ್ತಕಗಳ ಪುಟಗಳನ್ನು ಸ್ಕ್ಯಾನ್ ಮಾಡಿ ಕನ್ನಡ ವಿಕಿಸೋರ್ಸ್‌ನಲ್ಲಿ ಇಡಲಾಗುತ್ತದೆ. ತೆರೆಯ ಒಂದು ಬದಿಯಲ್ಲಿ ಪುಟದ ಚಿತ್ರ, ಇನ್ನೊಂದು ಬದಿಯಲ್ಲಿ ಯಂತ್ರ ಓದಿದ ಪಠ್ಯ ಇರುತ್ತವೆ. ಎರಡನ್ನೂ ಹೋಲಿಸಿ ತಪ್ಪು ತಿದ್ದುವುದು ಕೆಲಸ. ಯಂತ್ರಕ್ಕೆ ಕನ್ನಡದ ಒತ್ತಕ್ಷರಗಳೆಂದರೆ ಕಷ್ಟ. ‘ಪ’ ಮತ್ತು ‘ವ’ ಅದಲುಬದಲಾಗುತ್ತವೆ, ಅರ್ಕಾವತ್ತು ಕಳೆದುಹೋಗುತ್ತದೆ, ಅನುಸ್ವಾರವಿರಬೇಕಾದಲ್ಲಿ ಅಂಕಿಯ ಸೊನ್ನೆ ಬಂದು ಕೂರುತ್ತದೆ. ಕಣ್ಣಿಗೆ ಎರಡೂ ಒಂದೇ ರೀತಿ ಕಂಡರೂ ಆ ಸೊನ್ನೆಯಿಂದಾಗಿ ಪದ ಹುಡುಕಿದಾಗ ಸಿಗುವುದಿಲ್ಲ. ತಿದ್ದದ ಪುಟಕ್ಕೆ ಕೆಂಪು, ಒಬ್ಬರು ತಿದ್ದಿದ್ದಕ್ಕೆ ಹಳದಿ, ಇನ್ನೊಬ್ಬರು ಪರಿಶೀಲಿಸಿದ್ದಕ್ಕೆ ಹಸಿರು ಗುರುತು ಬರುತ್ತದೆ. ಒಬ್ಬರೇ ಎರಡನ್ನೂ ಮಾಡುವಂತಿಲ್ಲ. ಕಾಲೇಜಿನಲ್ಲಿ ಕನ್ನಡ ಕಲಿಸಿದವರು, ಮುದ್ರಣಾಲಯದಲ್ಲಿ ಕರಡು ತಿದ್ದಿದವರು ದಿನಕ್ಕೆ ಎರಡು ಪುಟ ಮಾಡಿದರೂ ವರ್ಷದಲ್ಲಿ ಒಂದೆರಡು ಪುಸ್ತಕ ಮುಗಿಯುತ್ತದೆ. ಹಳೆಯ ಲೇಖಕರ ಕಾಗುಣಿತವನ್ನು ಮಾತ್ರ ಇಂದಿನ ರೂಢಿಗೆ ತಕ್ಕಂತೆ ‘ಸರಿಪಡಿಸಲು’ ಹೋಗಬೇಡಿ. ಪುಟದಲ್ಲಿ ಇದ್ದಂತೆಯೇ ಇರಬೇಕು. ಮೇಷ್ಟರಾಗಿದ್ದವರಿಗೆ ಇದೇ ಎಲ್ಲಕ್ಕಿಂತ ಕಠಿಣವಾದ ನಿಯಮ.

ನಮ್ಮ ವಯಸ್ಸಿನವರಿಗೆ, ನಮಗಿಂತ ಹಿರಿಯರಿಗೆ ನೆರವಾಗುವ ಕೆಲಸವಿದೆಯೇ?

ಧಾರಾಳವಾಗಿ ಇದೆ. ಪಿಂಚಣಿದಾರರ ಜೀವಿತ ಪ್ರಮಾಣ ಪತ್ರವನ್ನೇ ತೆಗೆದುಕೊಳ್ಳಿ. ಕೇಂದ್ರದ ಪಿಂಚಣಿದಾರರು ಇದನ್ನು ಪ್ರತಿ ನವೆಂಬರ್‌ನಲ್ಲಿ ಸಲ್ಲಿಸಬೇಕು. 80 ದಾಟಿದವರು ಅಕ್ಟೋಬರ್‌ನಿಂದಲೇ ಸಲ್ಲಿಸಬಹುದು. ಈಗ ಆಂಡ್ರಾಯ್ಡ್ ಫೋನಿನಲ್ಲಿ ಮುಖ ತೋರಿಸಿಯೇ ಜೀವನ್ ಪ್ರಮಾಣ್ ಮೂಲಕ ಇದನ್ನು ಮುಗಿಸಲು ಸಾಧ್ಯವಿದ್ದರೂ, ಹಾಸಿಗೆ ಹಿಡಿದವರನ್ನು ಆಟೋದಲ್ಲಿ ಕೂರಿಸಿಕೊಂಡು ಬ್ಯಾಂಕಿಗೆ ಒಯ್ಯುವ ದೃಶ್ಯ ತಪ್ಪಿಲ್ಲ. ಫೋನ್ ಬಳಸಲು ಬರುವ ಒಬ್ಬರು ತಮ್ಮ ಬೀದಿಯ ಹತ್ತು ಮನೆಗಳಿಗೆ ಹೋಗಿ ಇದನ್ನು ಮಾಡಿಕೊಡಬಹುದು. ಆಗ ಒಟಿಪಿಯನ್ನು ಅವರ ಮನೆಯವರೇ ಓದಿ ಹಾಕಲಿ. ಬ್ಯಾಂಕಿನ ಪಿನ್, ಎಟಿಎಂ ಕಾರ್ಡ್ ಎಂದಿಗೂ ನಿಮ್ಮ ಕೈಗೆ ಬರಬಾರದು, ಅವರು ಬಲವಂತದಿಂದ ಕೊಟ್ಟರೂ ಸಹ.

ಮಕ್ಕಳಿಂದ ಕಡೆಗಣನೆಗೆ ಅಥವಾ ಹಿಂಸೆಗೆ ಒಳಗಾದವರಿಗೆ ರಾಷ್ಟ್ರೀಯ ಸಹಾಯವಾಣಿ 14567, ಬೆಂಗಳೂರಿನಲ್ಲಿ 1090 ಇವೆ. 2007ರ ಕಾಯ್ದೆಯಡಿ ಜೀವನಾಂಶದ ಅರ್ಜಿಯನ್ನು ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಕೊಡಬೇಕು. ಅರ್ಜಿ ಬರೆಯುವಾಗ, ವಿಚಾರಣೆಯ ದಿನ ಪಕ್ಕದಲ್ಲಿ ಕೂರುವವರೊಬ್ಬರಿದ್ದರೆ ಅವರಿಗೆ ದೊಡ್ಡ ಧೈರ್ಯ. ಮನೆಯ ವಿಷಯ ಹೊರಗೆ ಹೋಗದಂತೆ ನೋಡಿಕೊಳ್ಳುವುದು ನಿಮ್ಮ ಹೊಣೆ.

ಆಸ್ಪತ್ರೆಗಳಲ್ಲಿ ಸೇವೆ?

ಉಪಶಾಮಕ ಆರೈಕೆಯ, ಅಂದರೆ ರೋಗಿಯ ನೋವು ತಗ್ಗಿಸಿ ನೋಡಿಕೊಳ್ಳುವ ಕೇಂದ್ರಗಳಲ್ಲಿ ಸ್ವಯಂಸೇವಕರಿಗೆ ಸ್ಥಾನವಿದೆ. ಬೆಂಗಳೂರಿನ ಕರುಣಾಶ್ರಯವು 1999ರಿಂದ, ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳನ್ನು ಶುಲ್ಕವಿಲ್ಲದೆ ನೋಡಿಕೊಳ್ಳುತ್ತಿದೆ. ಅಲ್ಲಿ ಬೇಕಾದದ್ದು ಕೇಳುವ ಕಿವಿ. ‘ನಮ್ಮ ಭಾವನಿಗೆ ಈ ಕಷಾಯದಿಂದ ವಾಸಿಯಾಯಿತು’ ಎಂಬಂಥ ಮಾತನ್ನು ರೋಗಿಯ ಮುಂದಾಗಲಿ ಮನೆಯವರ ಮುಂದಾಗಲಿ ಆಡಕೂಡದು. ಇತ್ತೀಚೆಗೆ ಮನೆಯಲ್ಲಿ ಸಾವು ಕಂಡವರು ಒಂದು ವರ್ಷವಾದರೂ ಕಳೆಯುವವರೆಗೆ ಇಂಥ ಕೆಲಸಕ್ಕೆ ಕೈಹಾಕದಿರುವುದು ಮೇಲು.

ಈ ವಯಸ್ಸಿನಲ್ಲಿ ರಕ್ತದಾನ ಮಾಡಬಹುದೇ?

ಮೊದಲ ಬಾರಿಗೆ ಕೊಡುವವರಿಗೆ 60 ವರ್ಷ, ಹಿಂದೆ ಕೊಟ್ಟು ರೂಢಿಯಿರುವವರಿಗೆ 65 ವರ್ಷ ಮೇಲ್ಮಿತಿ. ತೂಕ ಕನಿಷ್ಠ 45 ಕಿಲೋ, ಹಿಮೋಗ್ಲೋಬಿನ್ 12.5 ಇರಬೇಕು. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ಕೊಡಬಹುದು. ಬಿ.ಪಿ., ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡದೆ ಹೇಳಿ, ತೀರ್ಮಾನವನ್ನು ಅಲ್ಲಿನ ವೈದ್ಯರಿಗೆ ಬಿಡಿ.

ಗೃಹರಕ್ಷಕ ದಳ, ವಿಪತ್ತು ನಿರ್ವಹಣೆ?

ಆಗುವುದಿಲ್ಲ. ವಿಪತ್ತು ಸ್ವಯಂಸೇವಕರ ಆಪದ್ ಮಿತ್ರ ಯೋಜನೆಗೆ ಸಾಮಾನ್ಯವಾಗಿ 18ರಿಂದ 40 ವರ್ಷದವರನ್ನು ತೆಗೆದುಕೊಳ್ಳುತ್ತಾರೆ, ಗೃಹರಕ್ಷಕ ದಳಕ್ಕೂ ಐವತ್ತು ದಾಟಿದವರನ್ನು ಹೊಸದಾಗಿ ಸೇರಿಸಿಕೊಳ್ಳುವುದಿಲ್ಲ.

ಕೆರೆ ಮತ್ತು ಮರಗಳ ವಿಷಯದಲ್ಲಿ ಆಸಕ್ತಿಯಿದೆ.

ಬೆಂಗಳೂರಿನ ಪುಟ್ಟೇನಹಳ್ಳಿ, ಕೈಕೊಂಡರಹಳ್ಳಿ ಕೆರೆಗಳು ಉಳಿದಿರುವುದರಲ್ಲಿ ಸುತ್ತಲಿನ ನಿವಾಸಿಗಳ ಪಾಲು ದೊಡ್ಡದು. ಬೆಳಗಿನ ವಾಕಿಂಗಿಗೆ ಕೆರೆಯ ದಂಡೆಗೆ ಹೋಗುವವರೇ ಅದರ ಮೊದಲ ಕಾವಲುಗಾರರು: ಒಳಹರಿವಿನ ಕಾಲುವೆಯಲ್ಲಿ ನೊರೆ ಕಂಡ ದಿನ, ಮೀನು ಸತ್ತು ತೇಲಿದ ದಿನ ಬರೆದಿಟ್ಟರೆ ಆಮೇಲೆ ಅದು ಸಾಕ್ಷ್ಯವಾಗುತ್ತದೆ. ಮರಗಳಿಗೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಐವತ್ತಕ್ಕಿಂತ ಹೆಚ್ಚು ಮರ ಕಡಿಯುವ ಪ್ರಸ್ತಾವವಿದ್ದರೆ ವೃಕ್ಷಾಧಿಕಾರಿ ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು. ಆ ಪ್ರಕಟಣೆಯನ್ನು ಗಮನಿಸಿ, ಗಡುವಿನೊಳಗೆ ಲಿಖಿತವಾಗಿ ಆಕ್ಷೇಪ ಸಲ್ಲಿಸುವ ಕೆಲಸಕ್ಕೆ ಸಮಯವಿರುವವರು ಬೇಕು.

ಚುನಾವಣೆಯ ಹೊತ್ತಿನಲ್ಲಿ ಪಕ್ಷಕ್ಕೆ ಸೇರದೆ ಏನು ಮಾಡಬಹುದು?

ಮತದಾರರ ಪಟ್ಟಿಯ ಕೆಲಸ ಚುನಾವಣೆಗೆ ಬಹಳ ಮುಂಚೆ ಆಗಬೇಕಾದದ್ದು. ಹೊಸ ಹೆಸರಿಗೆ ನಮೂನೆ 6, ತೆಗೆದುಹಾಕಲು 7, ತಿದ್ದುಪಡಿ ಮತ್ತು ವಿಳಾಸ ಬದಲಾವಣೆಗೆ 8. ಹದಿನೆಂಟು ತುಂಬಿದವರಿಗೆ ವರ್ಷದಲ್ಲಿ ನಾಲ್ಕು ಅರ್ಹತಾ ದಿನಾಂಕಗಳಿವೆ: ಜನವರಿ, ಏಪ್ರಿಲ್, ಜುಲೈ ಮತ್ತು ಅಕ್ಟೋಬರ್ ಒಂದು. ನಿಮ್ಮ ಅಪಾರ್ಟ್‌ಮೆಂಟಿನ ಅಥವಾ ಬೀದಿಯ ಪಟ್ಟಿ ತೆಗೆದು, ತೀರಿಕೊಂಡವರು, ಮನೆ ಬಿಟ್ಟವರು, ಹೆಸರೇ ಇಲ್ಲದವರು ಯಾರೆಂದು ಗುರುತಿಸಿ ಮತಗಟ್ಟೆ ಮಟ್ಟದ ಅಧಿಕಾರಿಗೆ (ಬಿಎಲ್‌ಒ) ತಿಳಿಸಿ. 85 ದಾಟಿದವರು ಮನೆಯಿಂದಲೇ ಮತ ಹಾಕಲು ನಮೂನೆ 12ಡಿ ಇದೆ. ಅದನ್ನು ಅಧಿಸೂಚನೆಯ ನಂತರ ಕೆಲವೇ ದಿನಗಳಲ್ಲಿ ಕೊಡಬೇಕಾಗುವುದರಿಂದ ಮುಂಚೆಯೇ ಹೇಳಿಡಬೇಕು.

ಓಡಾಟದ ಖರ್ಚು ಯಾರು ಕೊಡುತ್ತಾರೆ?

ಹೆಚ್ಚಿನ ಕಡೆ ಯಾರೂ ಕೊಡುವುದಿಲ್ಲ, ಆದ್ದರಿಂದ ಮನೆಗೆ ಹತ್ತಿರದ ಕೆಲಸ ಆರಿಸಿಕೊಳ್ಳಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಗಿರುವುದು ಅನೇಕ ಗೃಹಿಣಿಯರಿಗೆ ನೆರವಾಗಿದೆ. 60 ದಾಟಿದ ಗಂಡಸರಿಗೆ ಕೆಎಸ್‌ಆರ್‌ಟಿಸಿಯಲ್ಲಿ ಶೇ 25ರ ರಿಯಾಯಿತಿಯಿದೆ.

ಸಂಸ್ಥೆಯೊಂದು ನಂಬಿಕೆಗೆ ಅರ್ಹವೇ ಎಂದು ತಿಳಿಯುವುದು ಹೇಗೆ? ಅವರು ನನ್ನ ಬಗ್ಗೆ ವಿಚಾರಿಸುವುದು ಸರಿಯೇ?

ನೋಂದಣಿ ಪತ್ರ, ಇತ್ತೀಚಿನ ಲೆಕ್ಕಪರಿಶೋಧನಾ ವರದಿ, ಸ್ವಯಂಸೇವಾ ಸಂಸ್ಥೆಗಳು ನೋಂದಾಯಿಸಿಕೊಳ್ಳುವ ಕೇಂದ್ರ ಸರ್ಕಾರದ ಜಾಲತಾಣವಾದ ಎನ್‌ಜಿಒ ದರ್ಪಣ್‌ನ ಸಂಖ್ಯೆ ಇವನ್ನು ಕೇಳಿ ನೋಡಿ. ಸ್ವಯಂಸೇವಕರಾಗಲು ‘ನೋಂದಣಿ ಶುಲ್ಕ’ ಕೇಳಿದರೆ ಅಲ್ಲಿಂದಲೇ ಹಿಂದಿರುಗಿ. ಮೊದಲ ವಾರವೇ ನಿಮ್ಮನ್ನು ಟ್ರಸ್ಟಿಯನ್ನಾಗಿ ಮಾಡಿ ಸಹಿ ಕೇಳುವವರ ವಿಷಯದಲ್ಲೂ ಎಚ್ಚರವಿರಲಿ. ನಿವೃತ್ತ ಅಧಿಕಾರಿಯ ಹೆಸರು ಲೆಟರ್‌ಹೆಡ್ಡಿನಲ್ಲಿದ್ದರೆ ಹಣ ಎತ್ತುವುದು ಸುಲಭ.

ಅವರು ನಿಮ್ಮನ್ನು ವಿಚಾರಿಸುವುದೂ ಸರಿಯೇ. ಮಕ್ಕಳೊಂದಿಗೆ ಕೆಲಸ ಮಾಡುವುದಾದರೆ ಪೊಲೀಸ್ ಪರಿಶೀಲನಾ ಪ್ರಮಾಣಪತ್ರ ಕೇಳಬಹುದು. ಅದನ್ನು ರಾಜ್ಯದ ಸೇವಾ ಸಿಂಧು ಜಾಲತಾಣದ ಮೂಲಕ ಅರ್ಜಿ ಹಾಕಿ ಪಡೆಯಬಹುದು. ‘ನನ್ನ ವಯಸ್ಸಿಗೆ ಮರ್ಯಾದೆಯಿಲ್ಲವೇ’ ಎಂದು ಮುನಿಸಿಕೊಳ್ಳಬೇಡಿ. ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬಾರದು, ಅನುಮತಿಯಿಲ್ಲದೆ ಮಕ್ಕಳ ಫೋಟೋ ತೆಗೆದು ವಾಟ್ಸ್ಯಾಪ್ ಗುಂಪಿಗೆ ಹಾಕಬಾರದು. ಈ ಎರಡನೆಯದನ್ನು ಮುರಿಯುವವರಲ್ಲಿ ಅಜ್ಜ–ಅಜ್ಜಿಯರೇ ಹೆಚ್ಚು.

ವರ್ಷದಲ್ಲಿ ಆರು ತಿಂಗಳು ಅಮೆರಿಕದಲ್ಲಿರುವ ಮಗಳ ಮನೆಯಲ್ಲಿರುತ್ತೇವೆ. ಹೇಗೆ ಹೊಂದಿಸುವುದು?

ಅಂತರ್ಜಾಲದ ಕೆಲಸಗಳು, ಅಂದರೆ ಕರಡು ತಿದ್ದುವುದು, ಧ್ವನಿಮುದ್ರಣ, ಅನುವಾದ ಎಲ್ಲಿಂದಲಾದರೂ ಮುಂದುವರಿಯುತ್ತವೆ. ಅಲ್ಲಿನ ಹಲವು ಕನ್ನಡ ಕೂಟಗಳು ವಾರಾಂತ್ಯದಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತವೆ, ಕಥೆ ಹೇಳಲು ಹಿರಿಯರು ಸಿಕ್ಕರೆ ಅವರಿಗೂ ಸಂತೋಷ. ಸಂದರ್ಶಕ ವೀಸಾದಲ್ಲಿ ಹೋದವರು ಸಂಬಳ, ಗೌರವಧನ ಯಾವುದನ್ನೂ ತೆಗೆದುಕೊಳ್ಳಬಾರದು. ವೀಸಾದ ಷರತ್ತುಗಳನ್ನು ತಿಳಿದೇ ಒಪ್ಪಿಕೊಳ್ಳಿ.

ಒಪ್ಪಿಕೊಂಡ ಕೆಲಸವನ್ನು ಬಿಡಬೇಕಾಗಿ ಬಂದರೆ?

ಆರೋಗ್ಯ ಕೈಕೊಡಬಹುದು, ಮೊಮ್ಮಗು ಹುಟ್ಟಬಹುದು, ಬೇಸರವೂ ಬರಬಹುದು. ಒಂದು ತಿಂಗಳು ಮುಂಚೆ ತಿಳಿಸಿ, ನಿಮ್ಮ ಜಾಗಕ್ಕೆ ಇನ್ನೊಬ್ಬರನ್ನು ಕರೆತಂದು ಎರಡು ವಾರ ಜೊತೆಯಲ್ಲಿ ಕೂರಿಸಿಕೊಳ್ಳಿ. ಸಂಘದ ಪುಸ್ತಕ, ಬೀಗದ ಕೈ, ರಸೀದಿಗಳು, ಫೋನಿನಲ್ಲಿರುವ ಪಾಸ್‌ವರ್ಡ್‌ಗಳು ಇವನ್ನು ಪಟ್ಟಿ ಮಾಡಿ ಒಪ್ಪಿಸಿ, ಒಪ್ಪಿಸಿದ್ದಕ್ಕೆ ಸಹಿ ಪಡೆಯಿರಿ. ಬ್ಯಾಂಕ್ ಖಾತೆಯ ಜಂಟಿ ಸಹಿದಾರರಾಗಿದ್ದರೆ ನಿಮ್ಮ ಹೆಸರು ತೆಗೆಸಿದ ನಿರ್ಣಯದ ಪ್ರತಿಯನ್ನು ಇಟ್ಟುಕೊಳ್ಳದೆ ಹೊರಬರಬೇಡಿ.